ಮಿರಜಿನಿಂದ ಉಗಾರಕ್ಕೆ ಬಂದ ಕಸುಬು

ಈ ಶತಮಾನದ ಮೊದಲ ಕೆಲವು ವರ್ಷ ನಮ್ಮ ಉಗಾರ ಬುದ್ರುಕದ ಜನರಿಗೆ ವೆಬ್‌ಸೈಟ್ ಎಂದರೆ ಮಿರಜಿನಲ್ಲೋ ಸಾಂಗಲಿಯಲ್ಲೋ ಆಗುವ ಕೆಲಸ. ಆಸ್ಪತ್ರೆಗೆ, ಮದುವೆಯ ಜವಳಿಗೆ, ಟ್ರ್ಯಾಕ್ಟರಿನ ಬಿಡಿಭಾಗಕ್ಕೆ ಅತ್ತಲೇ ಹೋಗುವ ರೂಢಿಯಿದ್ದ ಊರಿಗೆ ಇದೂ ಹಾಗೇ ಅನ್ನಿಸಿತ್ತು. ಉಗಾರ ಖುರ್ದ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಶೇಡಬಾಳ ದಾಟಿ, ಗಡಿಯಾಚೆ ಮಹಾರಾಷ್ಟ್ರದಲ್ಲಿ ಇಳಿದು, ಸೈಬರ್ ಕೆಫೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ನಾನು ವೆಬ್ ಪುಟ ಬರೆಯುವುದನ್ನು ಕಲಿತೆ. ಅದೇ ಕೆಲಸವನ್ನು ಇಂದು ಊರಲ್ಲೇ, ಕಬ್ಬಿನ ಗದ್ದೆಯ ಪಕ್ಕದ ಮನೆಯಲ್ಲಿ ಕೂತು ಮಾಡುತ್ತೇನೆ. ಇದು ಹೇಗಾಯಿತೆಂದು ಕಣ್ಣಾರೆ ಕಂಡವನಾಗಿ ಬರೆದಿಡಬೇಕು ಅನ್ನಿಸಿದೆ.

ಆಗಿನ ಸಲಕರಣೆ ಬಹಳ ಸರಳ. ನೋಟ್‌ಪ್ಯಾಡಿನಲ್ಲಿ ಎಚ್‌ಟಿಎಂಎಲ್ ಟೈಪು ಮಾಡುವುದು, ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ತೆರೆದು ನೋಡುವುದು, ಫ್ಲಾಪಿಗೆ ತುಂಬಿಕೊಂಡು ಬರುವುದು. ಒಂದು ಫ್ಲಾಪಿಗೆ ಹಿಡಿಯುತ್ತಿದ್ದದ್ದು 1.44 ಎಂಬಿ. ಬರೆದ ಪುಟ ಬರಿಯ ಅಕ್ಷರವಾಗಿದ್ದರೆ ಅದರಲ್ಲಿ ನೂರಾರು ಪುಟ ಕೂರುತ್ತಿದ್ದವು. ಕನ್ನಡ ಬಂದರೆ ಮಾತ್ರ ಲೆಕ್ಕ ತಪ್ಪುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂತು. ಯು. ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಜಾಲಪತ್ರಿಕೆ ಶುರು ಮಾಡಿದ್ದರು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕಾಣುತ್ತಿದ್ದದ್ದು ಅರ್ಥವಿಲ್ಲದ ಗೀಚು. ಹಾಗಾಗಿ ಅಂಗಡಿಯ ಹೆಸರು, ಸಂಘದ ಹೆಸರು, ಜಾತ್ರೆಯ ಆಹ್ವಾನ ಎಲ್ಲವನ್ನೂ ಚಿತ್ರ ಮಾಡಿ ಅಂಟಿಸುತ್ತಿದ್ದೆವು. ಚಿತ್ರವಾದ ಕನ್ನಡ ಭಾರ. ಅದನ್ನು ಹುಡುಕಲು ಬರುವುದಿಲ್ಲ, ತಿದ್ದಲು ಬರುವುದಿಲ್ಲ, ಡಯಲ್‌ಅಪ್ ತಂತಿಯಲ್ಲಿ ಅದು ಬರುವ ಹೊತ್ತಿಗೆ ಓದುಗ ಎದ್ದು ಹೋಗಿರುತ್ತಿದ್ದ.

ಪುಟಕ್ಕೂ ಅಪ್ಲಿಕೇಶನ್ನಿಗೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಅಥಣಿಯ ತಾಲೂಕು ಕಚೇರಿಯಲ್ಲಿ. ಈಗ ನಮ್ಮ ತಾಲೂಕಾಗಿರುವ ಕಾಗವಾಡ ಆಗ ತಾಲೂಕಾಗಿರಲಿಲ್ಲ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆಯಿಂದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಮುದ್ರಣವಾಗಿ ಕೈಗೆ ಬರುತ್ತಿತ್ತು. ಆಗ ದಾಖಲೆಗಳು ಆಯಾ ತಾಲೂಕಿನ ಕಂಪ್ಯೂಟರಿನಲ್ಲೇ ಇದ್ದವು. ಆದರೂ ಅದು ನೋಡಿ ಸುಮ್ಮನಾಗುವ ಪುಟವಲ್ಲ. ಸರ್ವೆ ನಂಬರು ಕೇಳಿದರೆ ಉತ್ತರ ಕೊಡುತ್ತಿತ್ತು, ವಾರಸಾ ಬದಲಾದರೆ ತಾನೂ ಬದಲಾಗುತ್ತಿತ್ತು, ಅದೂ ಕನ್ನಡದಲ್ಲಿ. ಇಂಥದ್ದನ್ನು ನಮ್ಮೂರಿನ ಕೆಲಸಕ್ಕೆ ಕಟ್ಟಬೇಕೆಂಬ ಆಸೆ ಹುಟ್ಟಿದ್ದು ಅಲ್ಲೇ.

ಆಸೆಗೆ ದಾರಿ ಮಾಡಿಕೊಟ್ಟದ್ದು ಪಿಎಚ್‌ಪಿ ಎಂಬ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್. ಎರಡೂ ಪುಕ್ಕಟೆ ಸಿಗುತ್ತಿದ್ದವು. ಅಷ್ಟರಲ್ಲಿ ಯೂನಿಕೋಡ್ ಕನ್ನಡವೂ ಬಳಕೆಗೆ ಬಂದಿತ್ತು, ಫಾರಂನಲ್ಲಿ ಕನ್ನಡ ಹೆಸರು ಟೈಪು ಮಾಡಬಹುದಿತ್ತು. ಆದರೆ ಡೇಟಾಬೇಸಿಗೆ ಹೋಗಿ ವಾಪಸು ಬರುವಾಗ ಹೆಸರಿನ ಜಾಗದಲ್ಲಿ ಸಾಲು ಪ್ರಶ್ನಾರ್ಥಕ ಚಿಹ್ನೆ! ಮೈಎಸ್‌ಕ್ಯೂಎಲ್ ತಾನಾಗಿಯೇ ಆರಿಸಿಕೊಳ್ಳುತ್ತಿದ್ದ ಲಿಪಿವ್ಯವಸ್ಥೆ ಲ್ಯಾಟಿನ್. ಅದಕ್ಕೆ ಗೊತ್ತಿಲ್ಲದ ಅಕ್ಷರವೆಲ್ಲ ಪ್ರಶ್ನೆಯಾಗುತ್ತಿತ್ತು. ಯುಟಿಎಫ್-8 ಎಂದು ನಾವೇ ಹೇಳಿಕೊಡಬೇಕಿತ್ತು. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಈ ಕಾಟ ತಪ್ಪಿತು.

ಕಸುಬು ಊರಿಗೆ ಬಂದದ್ದು ಬ್ರಾಡ್‌ಬ್ಯಾಂಡಿನಿಂದ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಕಂಡದ್ದು ಬೇರೆ. ಒಳ್ಳೆಯ ಇಂಟರ್ನೆಟ್ ಬರುವುದಕ್ಕೆ ಮುಂಚೆಯೇ ಅದು ಬಂತು, ಬಂದದ್ದು ಟರ್ಮಿನಲ್ಲಿನ, ಅಂದರೆ ಆದೇಶ ಟೈಪು ಮಾಡುವ ಕಿಟಕಿಯ ದಾರಿಯಲ್ಲಿ. ಮೊಬೈಲ್ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ 2ಜಿಯ ಸಣ್ಣ ಎಳೆ ಸಿಗುತ್ತಿದ್ದ ಕಾಲ. ಹೋಸ್ಟಿಂಗ್ ಕಂಪನಿಗಳ ಬಣ್ಣಬಣ್ಣದ ಕಂಟ್ರೋಲ್ ಪುಟ ಆ ಎಳೆಯಲ್ಲಿ ತೆರೆಯುತ್ತಲೇ ಇರಲಿಲ್ಲ. ಎಸ್‌ಎಸ್‌ಎಚ್ ಹಾಕಿದರೆ ದೂರದ ಸರ್ವರ್ ಕರಿ ಪರದೆಯ ಮೇಲೆ ಕೂಡಲೇ ಉತ್ತರ ಕೊಡುತ್ತಿತ್ತು. ಹೋಗುತ್ತಿದ್ದದ್ದು ನಾನು ಒತ್ತಿದ ಅಕ್ಷರ, ಬರುತ್ತಿದ್ದದ್ದು ನಾಲ್ಕು ಸಾಲಿನ ಅಕ್ಷರ, ಅಷ್ಟೇ. ಆ ಎಳೆಯ ಮೇಲೆಯೇ ಸರ್ವರಿನ ಫೋಲ್ಡರುಗಳಲ್ಲಿ ಓಡಾಡಿದೆ, ವಿಮ್ ಎಡಿಟರಿನಲ್ಲಿ ಕಡತ ತಿದ್ದಿದೆ, ಡೇಟಾಬೇಸಿನ ಪ್ರತಿ ತೆಗೆದೆ.

ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್ ಈ ದಾರಿಯನ್ನು ಇನ್ನಷ್ಟು ಸಲೀಸು ಮಾಡಿತು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಬರೆದದ್ದು ಅದು. ಹಿಂದೆ ಎಫ್‌ಟಿಪಿಯಲ್ಲಿ ಕಡತಗಳನ್ನು ಇಡಿಯಾಗಿ ಕಳಿಸಬೇಕಿತ್ತು. ನಡುವೆ ಕರೆಂಟು ಹೋದರೆ ಸರ್ವರಿನಲ್ಲಿ ಅರ್ಧ ಹೊಸದು, ಅರ್ಧ ಹಳೆಯದು ಉಳಿಯುತ್ತಿತ್ತು. ಗಿಟ್ ಹಾಗಲ್ಲ. ಹೊಸದನ್ನಷ್ಟೇ ಕುಗ್ಗಿಸಿ ಕಳಿಸುತ್ತದೆ, ಪೂರ್ತಿ ಮುಟ್ಟಿದ ಮೇಲೆಯೇ ಒಪ್ಪಿಕೊಳ್ಳುತ್ತದೆ. ನದಿ ದಂಡೆಯ ಊರಿನ ಕರೆಂಟು, ಸಿಗ್ನಲ್ ಹೇಗಿರುತ್ತವೆಂದು ತಿಳಿದೇ ಮಾಡಿದಂತಿತ್ತು.

ಇಷ್ಟಾದ ಮೇಲೆ ನಮ್ಮೂರಿನದೇ ಅಪ್ಲಿಕೇಶನ್ ಕಟ್ಟಿದೆ. ನಮ್ಮ ಸುತ್ತಿನ ಬದುಕೆಲ್ಲ ಕಬ್ಬಿನದು. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಉಗಾರ ಖುರ್ದದಲ್ಲಿದೆ. ಹಂಗಾಮು ಶುರುವಾದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ರಸ್ತೆಯುದ್ದಕ್ಕೂ. ಯಾರ ಹೊಲದ್ದು ಎಷ್ಟು ಖೇಪು, ಎಷ್ಟು ಟನ್ನು, ಡೀಸೆಲ್ ಎಷ್ಟು, ಕಡಿಯುವ ಗ್ಯಾಂಗಿನ ಮುಕಾದಮನಿಗೆ ಕೊಟ್ಟ ಮುಂಗಡ ಎಷ್ಟು ಮುರಿಯಿತು – ಇದೆಲ್ಲ ಟ್ರ್ಯಾಕ್ಟರ್ ಮಾಲೀಕರ ಕಿರ್ದಿ ಪುಸ್ತಕದಲ್ಲಿ, ಜೇಬಿನ ತೂಕದ ಚೀಟಿಗಳಲ್ಲಿ ಚೆದುರಿರುತ್ತಿತ್ತು. ಅದನ್ನು ಒಂದೆಡೆ ತರುವುದೇ ನನ್ನ ಕೆಲಸ.

ಕೆಲಸ ಸಾಗುವ ಬಗೆ ಹೀಗೆ. ಟರ್ಮಿನಲ್ ತೆರೆದು ಒಂದು ಖಾಲಿ ಫೋಲ್ಡರ್ ಮಾಡುವುದು. ‘ಗಿಟ್ ಇನಿಟ್’ ಎಂದರೆ ಅಂದಿನಿಂದ ಅದರೊಳಗಿನ ಬದಲಾವಣೆಯನ್ನು ದಾಖಲಿಸಲು ಗಿಟ್ ಸಿದ್ಧ. ‘ಎನ್‌ಪಿಎಂ ಇನಿಟ್’ ಎಂದರೆ ಯೋಜನೆಯ ಹೆಸರು, ಅದಕ್ಕೆ ಬೇಕಾದ ಪ್ಯಾಕೇಜುಗಳ ಪಟ್ಟಿ ಇರುವ ಕಡತ ಹುಟ್ಟುತ್ತದೆ. 2009ರಲ್ಲಿ ರಯಾನ್ ಡಾಲ್ ರೂಪಿಸಿದ ನೋಡ್‌ಜೆಎಸ್ ಬಂದ ಮೇಲೆ ಬ್ರೌಸರಿನ ಜಾವಾಸ್ಕ್ರಿಪ್ಟ್ ಸರ್ವರಿನಲ್ಲೂ ನಡೆಯುವಂತಾಗಿತ್ತು. ಎಕ್ಸ್‌ಪ್ರೆಸ್ ಎಂಬ ಪ್ಯಾಕೇಜು ಹಾಕಿಕೊಂಡು, ಯಾವ ವಿಳಾಸಕ್ಕೆ ಯಾವ ಉತ್ತರ ಎಂದು ಎಡಿಟರಿನಲ್ಲಿ ಬರೆದು, ಸರ್ವರ್ ಚಾಲೂ ಮಾಡಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 3000 ತೆರೆದರೆ ನನ್ನ ಪುಟ ನನ್ನ ಲ್ಯಾಪ್‌ಟಾಪಿನೊಳಗೇ ಎದ್ದು ನಿಲ್ಲುತ್ತದೆ. ಇದಕ್ಕೆ ಇಂಟರ್ನೆಟ್ಟೇ ಬೇಡ. ಲೆಕ್ಕವಿಡಲು ಎಸ್‌ಕ್ಯೂಎಲ್‌ಲೈಟ್ ಸಾಕು, ಇಡೀ ಡೇಟಾಬೇಸ್ ಒಂದೇ ಕಡತ. ಸರಿ ಅನ್ನಿಸಿದ ಮೇಲೆ ಕಮಿಟ್, ಪುಷ್, ಸರ್ವರಿನಲ್ಲಿ ಪುಲ್.

ಭಾರವಾಗಿದ್ದದ್ದು ಪ್ಯಾಕೇಜುಗಳು. ಒಂದನ್ನು ಕೇಳಿದರೆ ಅದಕ್ಕೆ ಬೇಕಾದ ಇನ್ನೆಷ್ಟೋ ಹಿಂದೆ ಬರುತ್ತವೆ. ‘ಎನ್‌ಪಿಎಂ ಇನ್‌ಸ್ಟಾಲ್’ ಕೊಟ್ಟು ಮಲಗಿ ಬೆಳಿಗ್ಗೆ ನೋಡುವ ರೂಢಿಯಾಯಿತು. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರೇ ಹಿಂದೆಗೆದುಕೊಂಡಾಗ ಜಗತ್ತಿನಾದ್ಯಂತ ದೊಡ್ಡ ಯೋಜನೆಗಳೂ ನಿಂತುಹೋದವು. ಹತ್ತು ಸಾಲಿನಲ್ಲಿ ನಾವೇ ಬರೆಯಬಹುದಾದದ್ದನ್ನು ಹೊರಗಿನಿಂದ ತರಬಾರದೆಂಬ ನನ್ನ ನಿಯಮ ಆಗ ಗಟ್ಟಿಯಾಯಿತು.

ಕೋಡಿಗಿಂತ ಹೆಚ್ಚು ಬುದ್ಧಿ ಕೇಳಿದ್ದು ಊರಿನ ಲೆಕ್ಕ. ಮಾಲೀಕರೊಬ್ಬರ ಮನೆಯ ಹಳೆಯ ಎಕ್ಸೆಲ್ ಹಾಳೆಯ ಪ್ರಿಂಟ್ ನೋಡಿದ ಹಿರಿಯರೊಬ್ಬರು, “ತಮ್ಮಾ, ನಮ್ಮ ಹೊಲ ಎರಡ ಎಕರೆ ಇಪ್ಪತ್ತ ಗುಂಟೆ. ಈ ಕಂಪ್ಯೂಟರ ಹದಿನೆಂಟ ಗುಂಟೆ ನುಂಗೇತಿ ನೋಡ” ಅಂದರು. ಅವರ ಮಾತು ದಿಟ. ರೈತರು 2.20 ಎಂದು ಬರೆಯುವುದು 2 ಎಕರೆ 20 ಗುಂಟೆಗೆ, ಅಂದರೆ ಎರಡೂವರೆ ಎಕರೆ. ಕಂಪ್ಯೂಟರ್ ಅದನ್ನು ದಶಮಾಂಶವೆಂದು ತಿಳಿದು ಕೊನೆಯ ಸೊನ್ನೆ ತೆಗೆದು 2.2 ಮಾಡಿತ್ತು, ಓದಿದವರಿಗೆ ಅದು 2 ಎಕರೆ 2 ಗುಂಟೆ. ಕೂಡಿದರೆ ಇನ್ನೂ ಕೆಡುತ್ತದೆ. 2.30ಕ್ಕೆ 2.20 ಸೇರಿಸಿದರೆ ಯಂತ್ರಕ್ಕೆ 4.50, ಹೊಲದಲ್ಲಿ 5 ಎಕರೆ 10 ಗುಂಟೆ. “ಕಾಕಾ, ಇನ್ನ ಮ್ಯಾಲ ಎಲ್ಲಾ ಗುಂಟೆ ಒಳಗ ಇಡೂಣು” ಎಂದೆ. 2.20ನ್ನು ಒಳಗೆ 100 ಗುಂಟೆ ಎಂದಿಟ್ಟು, ತೋರಿಸುವಾಗ 40ರಿಂದ ಭಾಗಿಸಿ ಎಕರೆ-ಗುಂಟೆ ಎಂದು ಬೇರೆ ಬೇರೆ ತೋರಿಸುವುದು. ಹೊಲದ ಲೆಕ್ಕ ಸರಿಬಿದ್ದ ಮೇಲೆಯೇ ಜನ ಅಪ್ಲಿಕೇಶನ್ನನ್ನು ನಂಬಿದರು.

ಹೆಸರಿನದು ಇನ್ನೊಂದು ಕಥೆ. ‘ಪಾಟೀಲ’ ಎಂದು ಹುಡುಕಿದರೆ ಕೆಲವರು ಸಿಗುತ್ತಿದ್ದರು, ಕೆಲವರು ಇಲ್ಲ, ಕಣ್ಣಿಗೆ ಎಲ್ಲವೂ ಒಂದೇ. ಯೂನಿಕೋಡಿನಲ್ಲಿ ದೀರ್ಘದ ‘ೀ’ಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಹಳೆಯ ಫಾಂಟಿನಿಂದ ಪರಿವರ್ತನೆಯಾಗಿ ಬಂದ ಪಟ್ಟಿಯಲ್ಲಿ ಎರಡೂ ಬೆರೆತಿದ್ದವು. ಉಳಿಸುವ ಮೊದಲೇ ಎಲ್ಲವನ್ನೂ ಒಂದು ರೂಪಕ್ಕೆ ತರುವ ನಾರ್ಮಲೈಸ್ ಎಂಬ ಒಂದು ಆದೇಶ ಸೇರಿಸಿದೆ, ಕಾಣೆಯಾದ ಪಾಟೀಲರೆಲ್ಲ ಸಿಕ್ಕರು. ಮಹಾರಾಷ್ಟ್ರದ ಬೀಡ ಕಡೆಯಿಂದ ಬರುವ ಗ್ಯಾಂಗಿನವರಿಗೆ ಅದೇ ಲೆಕ್ಕ ದೇವನಾಗರಿಯಲ್ಲಿ ಬೇಕಿತ್ತು. ಯೂನಿಕೋಡಿನಲ್ಲಿ ಕನ್ನಡ, ದೇವನಾಗರಿ ಎರಡನ್ನೂ ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಕನ್ನಡದ ‘ಕ’ ಸಂಖ್ಯೆಯಿಂದ 896 ಕಳೆದರೆ ದೇವನಾಗರಿಯ ‘ಕ’. ಮರಾಠಿಯಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ ಅವನ್ನಷ್ಟು ಬೇರೆಯಾಗಿ ನೋಡಿಕೊಂಡೆ. ಗಡಿಯ ಊರಿನ ಎರಡು ಲಿಪಿಗಳು ಕೆಲವೇ ಸಾಲಿನ ಕೋಡಿನಲ್ಲಿ ಕೂಡಿದವು.

ಖೇಪು ಮುಟ್ಟಿದ ಕೂಡಲೇ ರೈತರಿಗೆ ಎಸ್‌ಎಂಎಸ್ ಹೋಗಬೇಕೆಂದು ಬೇಡಿಕೆ ಬಂತು. ಇಂಗ್ಲಿಷಿಗೆ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಕಣ್ಣಿಗೆ ಒಂದಾಗಿ ಕಾಣುವ ‘ಶ್ರೀ’ ಆ ಲೆಕ್ಕದಲ್ಲಿ ನಾಲ್ಕು. ಹೆಸರು, ಸರ್ವೆ ನಂಬರು, ಟನ್ನು – ಇಷ್ಟನ್ನೇ ಉಳಿಸಿ ಬಾಕಿಯನ್ನು ಕತ್ತರಿಸಿ ಕನ್ನಡದಲ್ಲೇ ಕಳಿಸಿದೆವು. ಓದಲು ಮಕ್ಕಳನ್ನು ಕೂಗಬೇಕಿಲ್ಲದ ಸಂದೇಶ ಅದು.

ಆಮೇಲಿನ ಬದಲಾವಣೆ ಬಿರುಸಿನದು. 2015ರಲ್ಲಿ ಮೈಕ್ರೋಸಾಫ್ಟ್ ವಿಎಸ್ ಕೋಡ್ ತಂದಿತು, ಎಡಿಟರ್, ಗಿಟ್, ಮುಂದೆ ಟರ್ಮಿನಲ್ಲೂ ಒಂದೇ ಕಿಟಕಿಯಲ್ಲಿ, ಅದೂ ಪುಕ್ಕಟೆ. ಲೆಟ್ಸ್ ಎನ್‌ಕ್ರಿಪ್ಟ್ ಬಂದ ಮೇಲೆ ಹಿಂದೆ ವರ್ಷವರ್ಷ ದುಡ್ಡು ಕೊಡುತ್ತಿದ್ದ ಭದ್ರತಾ ಸರ್ಟಿಫಿಕೇಟು ಒಂದು ಕಮಾಂಡಿಗೆ ಸಿಗತೊಡಗಿತು. 2016ರ ಜೂನಿನಲ್ಲಿ ಅಮೆಜಾನಿನ ಸರ್ವರುಗಳು ಮುಂಬಯಿಗೆ ಬಂದವು, ಸೆಪ್ಟೆಂಬರಿನಲ್ಲಿ ಜಿಯೋ ಬಂತು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನಮ್ಮ ಭಾಗದ ದಂಡೆಯ ಊರುಗಳನ್ನು ಮುಳುಗಿಸಿದಾಗ ಎಷ್ಟೋ ಮನೆಗಳಲ್ಲಿ ಕಿರ್ದಿ ಪುಸ್ತಕ, ಚೀಟಿಗಳು ನೀರುಪಾಲಾದವು. ಅಪ್ಲಿಕೇಶನ್ನಿನಲ್ಲಿ ನಮೂದಾಗಿದ್ದ ಖೇಪು, ಮುಂಗಡದ ಲೆಕ್ಕ ಮಾತ್ರ ಸರ್ವರಿನಲ್ಲಿ ಹಾಗೇ ಇತ್ತು. ಆ ವರ್ಷದ ಹಂಗಾಮಿಗೆ ಅದರಿಂದಲೇ ಹೊಸ ಕಿರ್ದಿ ಬರೆದುಕೊಂಡರು.

ಈಗ ನಮ್ಮಲ್ಲಿ ಡಿಪ್ಲೊಮಾ, ಬಿಸಿಎ ಓದುವ ಹುಡುಗ ಹುಡುಗಿಯರು ನನ್ನ ಬಳಿ ಕೂತು ಕಲಿಯುತ್ತಾರೆ. ಕೃತಕ ಬುದ್ಧಿಮತ್ತೆಗೆ ಹೇಳಿದರೆ ಕೋಡ್ ಕ್ಷಣದಲ್ಲಿ ಬರುತ್ತದೆ. ಅದನ್ನು ಬಳಸಿ ಎಂದೇ ಹೇಳುತ್ತೇನೆ. ಜೊತೆಗೆ ಟರ್ಮಿನಲ್ ಬಿಡಬೇಡಿ ಎಂದೂ ಹೇಳುತ್ತೇನೆ. ಏನು ಎಲ್ಲಿ ನಡೆಯುತ್ತಿದೆ, ತಪ್ಪು ಯಾವ ಸಾಲಿನಲ್ಲಿದೆ ಎಂದು ಅದು ಮುಚ್ಚಿಡದೆ ಹೇಳುತ್ತದೆ. 2.20ರ ಅರ್ಥ ಗೊತ್ತಿರುವವರು ಆ ಉತ್ತರವನ್ನು ಓದಬಲ್ಲವರೂ ಆದರೆ ಅವರು ಕಟ್ಟಿದ್ದು ನಿಲ್ಲುತ್ತದೆ.

ಒಂದು ಕೊರತೆ ಇನ್ನೂ ಉಳಿದಿದೆ. ಎಡಿಟರಿನಲ್ಲಿ ಕನ್ನಡ ಚೆಂದ ಕಾಣುತ್ತದೆ. ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುವ ಟರ್ಮಿನಲ್ಲುಗಳಲ್ಲಿ ಮಾತ್ರ ಒತ್ತಕ್ಷರ ಚದುರುತ್ತದೆ, ಗುಣಿತ ಪಕ್ಕಕ್ಕೆ ಸರಿಯುತ್ತದೆ. ನಮ್ಮನ್ನು ಊರಿನಲ್ಲೇ ಉಳಿಸಿದ ಸಲಕರಣೆಗೆ ನಮ್ಮ ಅಕ್ಷರ ಇನ್ನೂ ಪೂರ್ತಿ ಬಂದಿಲ್ಲ. ಇಂಥ ಟರ್ಮಿನಲ್ಲುಗಳಲ್ಲಿ ಬಹಳಷ್ಟರ ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ನನ್ನ ಬಳಿ ಕಲಿಯುವವರಿಗೆ ನಾನು ಒಪ್ಪಿಸಿರುವ ಮುಂದಿನ ಕೆಲಸ ಇದೇ.