ಗೀರು ತೆಗೆಯುವ ಲೆಕ್ಕ

ನಮ್ಮ ಹಳೆಯ ಕೆಂಪು ಮಾರುತಿ 800ರ ಹಿಂಬದಿಯ ಬಾಗಿಲಿಗೆ ಬಣ್ಣ ಹೊಡೆಸಿದಾಗ ಹಸಿ ಬಣ್ಣದ ಮೇಲೆ ಧೂಳು ಕುಳಿತು ಅಲ್ಲಲ್ಲಿ ಕಾಳುಕಾಳಾಗಿ ಉಳಿಯಿತು. ನಿವೃತ್ತ ಮೇಷ್ಟರಿಗೆ ಸಮಯಕ್ಕೇನು ಬರ? ನಾನೇ ಸರಿಪಡಿಸಲು ಹೊರಟೆ. 1000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿದೆ, ಕಾಳುಗಳು ಹೋದವು. ಮಂಕಾದ ಜಾಗಕ್ಕೆ ಕೈಯಲ್ಲೇ ರಬ್ಬಿಂಗ್ ಕಾಂಪೌಂಡ್ ತಿಕ್ಕಿ, ಮೇಲೆ ಮೇಣದ ಪಾಲಿಶ್ ಹಚ್ಚಿದೆ. ಸಂಜೆಯ ನೆರಳಿನಲ್ಲಿ ಬಾಗಿಲು ಕನ್ನಡಿಯಂತೆ ಹೊಳೆಯಿತು. ಎರಡು ಸಲ ಕಾರು ತೊಳೆದ ಮೇಲೆ ಬಿಸಿಲಿನಲ್ಲಿ ನೋಡಿದರೆ ಬಾಗಿಲ ತುಂಬ ಗೀರುಗಳು!

ಬಂಗಾರಪೇಟೆಯಲ್ಲಿ ಶೆಡ್ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಹೋದೆ. ಆತನ ತಂದೆ ಕೆ.ಜಿ.ಎಫ್. ಗಣಿಯಲ್ಲಿದ್ದವರು. 2001ರ ಫೆಬ್ರುವರಿ ಕೊನೆಯಲ್ಲಿ ಗಣಿ ಮುಚ್ಚಿದಾಗ ಈತ ಹತ್ತನೆಯ ತರಗತಿ. ಆ ವರ್ಷ ಗಣಿತದಲ್ಲಿ ಅನುತ್ತೀರ್ಣನಾಗಿ ಪೇಂಟಿಂಗ್ ಕೆಲಸಕ್ಕೆ ಸೇರಿದ.

ಆತ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಬಾಗಿಲನ್ನು ಒರೆಸಿದ. ಗೀರುಗಳು ಇನ್ನೂ ಸ್ಪಷ್ಟವಾದವು. “ಸಾರ್, ಗೀರು ಹೋಗಿರಲೇ ಇಲ್ಲ. ಮೇಣ ತುಂಬಿಕೊಂಡು ಮುಚ್ಚಿತ್ತು, ಅಷ್ಟೆ. ಸಾವಿರದ ಗೀರನ್ನು ಸಾವಿರದೈನೂರು ತೆಗೆಯಬೇಕು, ಅದರ ಗೀರನ್ನು ಎರಡು ಸಾವಿರ. ಕಾಂಪೌಂಡ್ ಆಮೇಲೆ.”

1500ರ ಪೇಪರನ್ನು ನೆನೆಸಿ, ರಬ್ಬರ್ ತುಂಡಿಗೆ ಸುತ್ತಿ, ನಾನು ಉಜ್ಜಿದ್ದ ದಿಕ್ಕಿಗೆ ಅಡ್ಡಲಾಗಿ ಉಜ್ಜಿದ. ಅಡ್ಡ ಉಜ್ಜಿದರೆ ಹಳೆಯ ಗೀರು ಉಳಿದಿರುವುದು ತಾನೇ ಕಾಣುತ್ತದಂತೆ. ಆಗಾಗ ನೀರು ಒರೆಸಿ, ಒಣಗಿದ ಮೇಲೆ ನೋಡುತ್ತಿದ್ದ. ಹಳೆಯವೆಲ್ಲ ಮಾಯವಾದ ಮೇಲೆಯೇ ಬಕೆಟ್ಟಿನ ನೀರು ಬದಲಿಸಿ 2000 ನಂಬರಿಗೆ ಹೋದ; ಹಿಂದಿನ ಪೇಪರಿನ ಒಂದು ಕಾಳು ನೀರಿನಲ್ಲಿ ಉಳಿದರೂ ಹೊಸ ಗೀರು ಬೀಳುತ್ತದೆ. ಅಂಚುಗಳ ಮೇಲೆ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಉಜ್ಜಲಿಲ್ಲ. ಕೊನೆಗೆ ಉಣ್ಣೆಯ ಪ್ಯಾಡಿನ ಯಂತ್ರದಲ್ಲಿ ಕಾಂಪೌಂಡ್. ಬಣ್ಣ ಕಾಯದಂತೆ ಒಂದೆಡೆ ನಿಲ್ಲಿಸದೆ ಓಡಿಸಿದ. ಬಟ್ಟೆಗೆ ಕೆಂಪು ಹತ್ತುತ್ತಿತ್ತು, ಹೋಗುತ್ತಿದ್ದುದು ಬಣ್ಣವೇ. ನಾನು ಒತ್ತಿ ಉಜ್ಜಿದ್ದ ಆಳದ ಗೀರೊಂದನ್ನು ಮಾತ್ರ ಹಾಗೆಯೇ ಬಿಟ್ಟ. “ಇದನ್ನು ಬೆನ್ನಟ್ಟಿದರೆ ಪ್ರೈಮರ್ ಕಾಣುತ್ತದೆ, ಸಾರ್.”

ನಂಬರ್ ಹೆಚ್ಚಿದಂತೆ ಪೇಪರ್ ಏಕೆ ನುಣುಪು ಎಂದು, ಗೊತ್ತಿದ್ದೂ ಕೇಳಿದೆ. “ನಂಬರ್ ದೊಡ್ಡದಾದರೆ ಕಾಳು ಸಣ್ಣದು ಸಾರ್. ನಿಮ್ಮ ಭಿನ್ನರಾಶಿಯ ಹಾಗೆ” ಎಂದು ನಕ್ಕ.

ನಾನು ನಗಲಾರದೆ ಹೋದೆ. ನಾಲ್ಕನೆಯ ಒಂದಕ್ಕಿಂತ ಎಂಟನೆಯ ಒಂದು ದೊಡ್ಡದೆಂದು ಎಂಟನೆಯ ತರಗತಿಯಲ್ಲಿ ಹಟ ಹಿಡಿದಿದ್ದ ಹುಡುಗ ಈತನೇ. ರೊಟ್ಟಿಯೊಂದನ್ನು ಹಂಚಿ ತೋರಿಸಿದ್ದರೆ ಐದು ನಿಮಿಷದ ಕೆಲಸ. ಪಾಠ ಮುಗಿಸುವ ಅವಸರದಲ್ಲಿ ಗದರಿ ಕೂರಿಸಿ, ಬೀಜಗಣಿತಕ್ಕೆ ಹೋದೆ. ಉತ್ತರಗಳನ್ನು ಬಾಯಿಪಾಠ ಮಾಡಿಸಿ ತರಗತಿಯನ್ನು ಹೊಳೆಯಿಸಿದ್ದೂ ಉಂಟು, ಇನ್ಸ್‌ಪೆಕ್ಟರರು ಮೆಚ್ಚಿದರು. ಪರೀಕ್ಷೆಯ ಬಿಸಿಲಿಗೆ ಮೇಣ ಕರಗಿತು.

ಕೂಲಿ ಕೊಡಹೋದರೆ ಆತ ಬೇಡವೆಂದ. ಒತ್ತಾಯಿಸಿ ಕೊಟ್ಟು ಬಂದೆ. ಆ ಗೀರು ಇಂದಿಗೂ ಬಾಗಿಲ ಮೇಲಿದೆ. ನನ್ನ ತರಗತಿಯಲ್ಲಿ ಹಾಗೆ ಗದರಿಸಿಕೊಂಡು ಕುಳಿತವರು ಇದನ್ನು ಓದುತ್ತಿದ್ದರೆ, ತಪ್ಪು ನಿಮ್ಮದಾಗಿರಲಿಲ್ಲ. ನಡುವಿನ ಪೇಪರನ್ನು ಬಿಟ್ಟವನು ನಾನು.