ಅಪ್ಪನ ಲ್ಯಾಪ್‌ಟಾಪಿನ ಬೆಳಕು

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಸಂಕ್ರಾಂತಿಗೆ ಸಾಗರಕ್ಕೆ ಹೋಗಿ ಬಂದೆ, ಅಲ್ಲಿ ಆಗಿದ್ದನ್ನ ಹೇಳಿಬಿಡ್ತೀನಿ.

ಅಪ್ಪನ ಹತ್ರ ನನ್ನ ಹಳೇ ಲ್ಯಾಪ್‌ಟಾಪ್ ಇದೆ. ದೀಪಾವಳಿಗೆ ಹೋದಾಗ ಅದಕ್ಕೆ ಉಬುಂಟು ಹಾಕಿ, ಕನ್ನಡ ಕೀಬೋರ್ಡ್ ಕೂರಿಸಿ ಕೊಟ್ಟು ಬಂದಿದ್ದೆ. ಅಜ್ಜನ ಕಾಲದ ತೋಟ, ಜಗಳ, ಕೋರ್ಟು-ಕಚೇರಿ ಎಲ್ಲಾ ಬರೆದಿಡಬೇಕು ಅಂತ ಅಪ್ಪನಿಗೆ ಆಸೆ. ಈ ಸಲ ನೋಡಿದ್ರೆ ಲ್ಯಾಪ್‌ಟಾಪಿನ ಮೇಲೆ ಪಂಚಾಂಗ, ಅದರ ಮೇಲೆ ಧೂಳು.

"ಬರೆಯೋದು ಬಿಟ್ರಾ?" ಅಂದೆ.

"ಕಣ್ಣಿಗೆ ಹೊಡಿಯುತ್ತೆ ಮಾರಾಯ. ಬೆಳಕು ಕಮ್ಮಿ ಮಾಡಿಟ್ಟರೂ ಮಾರನೇ ದಿನ ಹಾಕಿದ್ರೆ ಮತ್ತೆ ಹಂಗೇ ಇರುತ್ತೆ."

ಅಪ್ಪನಿಗೆ ಎರಡೂ ಕಣ್ಣಲ್ಲಿ ಪೊರೆ, ಆಪರೇಷನ್ ಇನ್ನೂ ಆಗಿಲ್ಲ. ಪೊರೆ ಇದ್ದಾಗ ಕಣ್ಣೊಳಗೆ ಬೆಳಕು ಚೆದುರಿ, ಬಿಳಿ ಪರದೆ ನಮಗೆ ಕಾಣೋ ಹಾಗೆ ಕಾಣಲ್ಲ, ಕುಕ್ಕುತ್ತೆ. ಇದನ್ನ ಫೋನಲ್ಲಿ ಒಂದು ಸಲವೂ ಹೇಳಿರಲಿಲ್ಲ ನೋಡಿ.

ಡ್ರೈವರ್ ತೊಂದರೆ ಇರಬೇಕು ಅಂದ್ಕೊಂಡೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಬೆಳಕು ಹಿಡಿತದಲ್ಲಿಡೋಕೆ ಇಂಟೆಲ್‌ದೊಂದು, ಎಸಿಪಿಐದೊಂದು ಅಂತ ಎರಡೆರಡು ಇದ್ದು ಒಂದರ ಮೇಲೊಂದು ಬರೆದುಬಿಡುತ್ವೆ. ಆಗ ಗ್ರಬ್‌ನಲ್ಲಿ ಕರ್ನಲ್‌ಗೆ ಯಾವುದನ್ನ ಬಳಸಬೇಕು ಅಂತ ಹೇಳಬೇಕು. ಇಲ್ಲಿ ನೋಡಿದ್ರೆ ಇಂಟೆಲ್‌ದೊಂದೇ. ಬೆಳಗಿನ ಕಾಫಿ ಆರಿಹೋಗಿತ್ತು.

ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ ಅನ್ನೋದು ಮೆಷಿನ್ ಮುಚ್ಚುವಾಗ ಆಗಿನ ಬೆಳಕಿನ ಅಂಕಿಯನ್ನ ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟು, ಮತ್ತೆ ಶುರುವಾದಾಗ ಅದನ್ನೇ ಓದಿ ಹಾಕುತ್ತೆ. ಆ ಫೈಲು ತೆಗೆದೆ. 937, ಅಂದ್ರೆ ಈ ಪರದೆಯ ಗರಿಷ್ಠ. ತಾರೀಕು? ದೀಪಾವಳಿ ಮುಗಿಸಿ ನಾನು ಬೆಂಗಳೂರಿಗೆ ಹೊರಟ ದಿನ! ಅಂದ್ರೆ ಅವತ್ತಿನಿಂದ ಈ ಯಂತ್ರ ಸರಿಯಾಗಿ ಮುಚ್ಚಿಯೇ ಇಲ್ಲ. ದಿನಾ ಬೆಳಿಗ್ಗೆ ನಾನು ಬಿಟ್ಟುಹೋದ ಬೆಳಕೇ ಅಪ್ಪನ ಕಣ್ಣಿಗೆ.

"ಅಪ್ಪಾ, ಇದನ್ನ ಹೆಂಗೆ ಆಫ್ ಮಾಡ್ತೀರಿ?"

ಪವರ್ ಬಟನ್ ಒತ್ತಿ, ಪರದೆ ಕಪ್ಪಾಗೋವರೆಗೂ ಹಿಡ್ಕೊಂಡ್ರು. "ನೀನೇ ಹೇಳಿದ್ದಲ್ಲೋ ಫೋನಲ್ಲಿ."

ಹೇಳಿದ್ದೆ. ಒಂದು ಸಲ ಹ್ಯಾಂಗ್ ಆದಾಗ, ಮೀಟಿಂಗ್ ಮಧ್ಯೆ, "ಬಟನ್ ಒತ್ತಿ ಹಿಡ್ಕೊಳ್ಳಿ ಅಪ್ಪಾ, ಆಮೇಲೆ ಮಾತಾಡ್ತೀನಿ" ಅಂದು ಇಟ್ಟುಬಿಟ್ಟಿದ್ದೆ. ಆಮೇಲೆ ಮಾತಾಡಿರಲಿಲ್ಲ. ಹಾಗೆ ಹಿಡಿದ್ರೆ ಕರೆಂಟೇ ಕಡಿದ ಹಾಗೆ, ಏನನ್ನೂ ಬರೆದಿಡೋಕೆ ಅವಕಾಶವೇ ಇರಲ್ಲ. ಉಳಿಸದೇ ಇದ್ದ ಎರಡು ಪುಟ ಕೂಡ ಹಾಗೇ ಹೋಗಿದ್ವಂತೆ. ಅದನ್ನೂ ಹೇಳಿರಲಿಲ್ಲ.

ಮೆನುವಿನಿಂದ ಆಫ್ ಮಾಡೋದನ್ನ ತೋರಿಸಿದೆ. ಅವರೇ ನಾಲ್ಕು ಸಲ ಮಾಡಿದ್ರು. ಬೆಳಕು ತಮಗೆ ಬೇಕಾದಷ್ಟು ಇಳಿಸಿ, ಮುಚ್ಚಿ, ಮತ್ತೆ ಹಾಕಿದ್ರು. ಪರದೆ ಮಂಕಾಗೇ ಬಂತು. ನನಗೆ ಅಕ್ಷರವೇ ಸರಿಯಾಗಿ ಕಾಣಲಿಲ್ಲ.

"ಹಾಂ, ಇಷ್ಟು ಸಾಕು" ಅಂತ ಅಪ್ಪ ಕುರ್ಚಿ ಎಳ್ಕೊಂಡ್ರು.