ತಮ್ಮಂದಿರ ಸಿಂಹಾಸನ

ಶಾಲೆಯ ಚರಿತ್ರೆ ಪುಸ್ತಕದಲ್ಲಿ ವಂಶಾವಳಿ ಎಂಬ ಚಿತ್ರವೊಂದು ಇದ್ದೇ ಇರುತ್ತಿತ್ತು. ಮೇಲೆ ಅಜ್ಜ, ಕೆಳಗೆ ಮಗ, ಅವನ ಕೆಳಗೆ ಮೊಮ್ಮಗ. ನಡುವೆ ಸ್ಕೇಲು ಇಟ್ಟು ಎಳೆದ ಗೆರೆ. ಬಾಯಿಪಾಠಕ್ಕೆ ಅನುಕೂಲ, ನಿಜ. ಆದರೆ ಕನ್ನಡನಾಡಿನ ಸಿಂಹಾಸನ ಹಾಗೆ ನೆಟ್ಟಗೆ ಕೆಳಗಿಳಿಯದೆ ಎಷ್ಟೋ ಸಲ ಅಡ್ಡಕ್ಕೆ ಜಾರಿ ತಮ್ಮನ ಕೈ ಸೇರಿದೆ. ಸ್ವಾರಸ್ಯವೆಂದರೆ, ನಾವು ಹೆಮ್ಮೆಯಿಂದ ಹೆಸರು ಹೇಳುವ ರಾಜರಲ್ಲಿ ಹಲವರು ಈ ತಮ್ಮಂದಿರೇ.

ಹಿರಿಯ ಮಗನಿಗೆ ಪಟ್ಟ ಎಂಬುದು ರೂಢಿ. ಹೊಲವಾದರೆ ಪಾಲು ಮಾಡಿ ಬದು ಹಾಕಿಕೊಳ್ಳಬಹುದು, ಸಿಂಹಾಸನಕ್ಕೆ ಎಲ್ಲಿಯ ಬದು? ಆದ್ದರಿಂದ ಅದನ್ನು ಕಿತ್ತುಕೊಂಡ ತಮ್ಮ ಊರಿಗೆಲ್ಲ ಸಮಜಾಯಿಷಿ ಕೊಡಬೇಕು. ಅದಕ್ಕೊಬ್ಬ ಒಳ್ಳೆಯ ಕವಿ ಬೇಕು.

ಕಲ್ಯಾಣದ ಆರನೆಯ ವಿಕ್ರಮಾದಿತ್ಯನಿಗೆ ಕಾಶ್ಮೀರದಿಂದಲೇ ಒಬ್ಬ ಸಿಕ್ಕಿದ, ಬಿಲ್ಹಣ. ವಿಕ್ರಮನ ಅಪ್ಪ ಆಹವಮಲ್ಲ ಸೋಮೇಶ್ವರ 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಜಲಸಮಾಧಿಯಾದ. ಪಟ್ಟ ಹಿರಿಯ ಮಗ ಇಮ್ಮಡಿ ಸೋಮೇಶ್ವರನಿಗೆ ಹೋಯಿತು. ಎಂಟು ವರ್ಷಕ್ಕೆ ತಮ್ಮ ಅವನನ್ನು ಸೆರೆಗೆ ತಳ್ಳಿ ತಾನು ಕೂತ. ಬಿಲ್ಹಣನ ‘ವಿಕ್ರಮಾಂಕದೇವಚರಿತ’ ಓದಿದರೆ ಇದೇ ಸಂಗತಿಯ ಬಣ್ಣ ಬೇರೆ. ಅಪ್ಪ ತಾನಾಗಿ ಯುವರಾಜಪಟ್ಟ ಕೊಡಲು ಬಂದರೂ ವಿಕ್ರಮ ಅಣ್ಣನಿದ್ದಾನೆಂದು ಒಲ್ಲೆನ್ನುತ್ತಾನೆ. ಪಟ್ಟಕ್ಕೆ ಬಂದ ಅಣ್ಣ ದಾರಿ ತಪ್ಪುತ್ತಾನೆ. ಯುದ್ಧ ಎದುರು ಬಂದು ನಿಂತಾಗಲೂ ಪಾಪ, ತಮ್ಮನಿಗೆ ಮನಸ್ಸಿಲ್ಲ. ಕೊನೆಗೆ ಸಾಕ್ಷಾತ್ ಶಿವನೇ ಬಂದು ಅಪ್ಪಣೆ ಮಾಡಬೇಕಾಯಿತು. ಶಿವನ ಮಾತು ಮೀರುವುದುಂಟೇ? ಸೆರೆಯಲ್ಲಿದ್ದ ಸೋಮೇಶ್ವರನ ಕಡೆಯ ಕಥೆ ಬರೆಯಲು ಯಾವ ಕವಿಯೂ ಕಾಶ್ಮೀರದಿಂದ ನಡೆದು ಬರಲಿಲ್ಲ. ವಿಕ್ರಮನೋ ಶಕವರ್ಷವನ್ನೂ ಬದಿಗೊತ್ತಿ, ತನ್ನ ಹೆಸರಿನ ಹೊಸ ಶಕ ಹೂಡಿ 50 ವರ್ಷ ಆಳಿದ. ಚೆನ್ನಾಗಿಯೇ ಆಳಿದ, ಅದನ್ನು ಅಲ್ಲಗಳೆಯುವಂತಿಲ್ಲ.

ರಾಷ್ಟ್ರಕೂಟರು ಇಷ್ಟೆಲ್ಲ ತಾಪತ್ರಯಪಡಲಿಲ್ಲ. ಅಣ್ಣ ಇಮ್ಮಡಿ ಗೋವಿಂದನನ್ನು ಇಳಿಸಿ ಧ್ರುವ ರಾಜನಾದ. ಆ ಮನೆತನದ ಕೆಲವು ತಾಮ್ರಶಾಸನಗಳಲ್ಲಿ ಅಣ್ಣನ ಹೆಸರನ್ನೇ ಬಿಟ್ಟರು. ಕಾವ್ಯದ ಖರ್ಚೂ ಉಳಿಯಿತು. ಮುಂದೆ ಧ್ರುವ ತನ್ನ ಹಿರಿಯ ಮಗ ಸ್ತಂಭನನ್ನು ಬಿಟ್ಟು ಕಿರಿಯ ಮುಮ್ಮಡಿ ಗೋವಿಂದನಿಗೆ ಪಟ್ಟ ಕಟ್ಟಿದ. ಸ್ತಂಭ ದಂಗೆಯೆದ್ದು ಸೋತ. ಗೋವಿಂದ ಅಣ್ಣನನ್ನು ಕ್ಷಮಿಸಿ ಮತ್ತೆ ಗಂಗವಾಡಿಯನ್ನು ಆಳಲು ಕಳಿಸಿದ. ಇಂಥ ತಮ್ಮ ಅಪರೂಪ.

ವಿಜಯನಗರದಲ್ಲಿ ಹರಿಹರನ ನಂತರ ಬುಕ್ಕ ಬಂದದ್ದು ಸಲೀಸಾಗಿ. ಕೃಷ್ಣದೇವರಾಯನ ಸರದಿ ಹಾಗಲ್ಲ, ಅಲ್ಲೊಂದು ಮೇಕೆ ಬರುತ್ತದೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಕಥೆ: ಸಾಯುವ ಮುನ್ನ ಅಣ್ಣ ವೀರನರಸಿಂಹ ತನ್ನ ಎಂಟು ವರ್ಷದ ಮಗನಿಗೆ ಪಟ್ಟವಾಗಲೆಂದು ತಮ್ಮನ ಕಣ್ಣು ಕೀಳಿಸಲು ಹೇಳಿದನಂತೆ. ಮಂತ್ರಿ ಸಾಳುವ ತಿಮ್ಮರಸ ಮೇಕೆಯ ಕಣ್ಣು ತಂದು ತೋರಿಸಿದನಂತೆ. ಸುಳ್ಳೋ ನಿಜವೋ, 1509ರಲ್ಲಿ ಪಟ್ಟವಾದದ್ದು ತಮ್ಮನಿಗೆ. ಅವನಾದ ಮೇಲೆ 1529ರಲ್ಲಿ ಬಂದ ಅಚ್ಯುತರಾಯನೂ ತಮ್ಮನೇ!

ನನಗೆ ಮರುಕ ಬರುವುದು ಬಾದಾಮಿಯ ಮಂಗಳೇಶನ ಬಗ್ಗೆ. ಅವನೂ ತಮ್ಮನೇ, ಆದರೆ ಸೋತ ತಮ್ಮ. ಅಣ್ಣ ಕೀರ್ತಿವರ್ಮ ತೀರಿಕೊಂಡಾಗ ಅಣ್ಣನ ಮಗ ಚಿಕ್ಕವನು, ಆಳಿದ್ದು ಚಿಕ್ಕಪ್ಪ. ಹುಡುಗ ಬೆಳೆದು ಇಮ್ಮಡಿ ಪುಲಕೇಶಿಯಾಗಿ ಕತ್ತಿ ಹಿಡಿದು ಬಂದ. ಮಗನಿಗೆ ಪಟ್ಟ ಕಟ್ಟುವ ಹುನ್ನಾರದಲ್ಲಿ ಮಂಗಳೇಶ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಐಹೊಳೆಯ ಮೇಗುತಿ ಗುಡಿಯ ಶಾಸನ ಹೇಳುತ್ತದೆ. ಬರೆದವನು ಪುಲಕೇಶಿಯ ಆಶ್ರಯದ ರವಿಕೀರ್ತಿ, 634ರಲ್ಲಿ. ಕಾಳಿದಾಸ, ಭಾರವಿಯರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡ ಆಸಾಮಿ. ಅಂಥವನ ಬಾಯಿಗೆ ಬಿದ್ದ ಮೇಲೆ ಮುಗಿಯಿತು; ಪಠ್ಯಪುಸ್ತಕದಲ್ಲಿ ಮಂಗಳೇಶ ಇಂದಿಗೂ ಆಸೆಬುರುಕ ಚಿಕ್ಕಪ್ಪ.

ಅವನ ಮಾತೂ ಒಂದಿದೆ. ಬಾದಾಮಿಯ ಮೂರನೆಯ ಗುಹೆ, ವಿಷ್ಣುವಿನದು, ಅವನೇ ಕೊರೆಸಿದ್ದು. ಶಕವರ್ಷ 500, ಅಂದರೆ 578ರ ಶಾಸನ ಅಲ್ಲಿದೆ. ಅಣ್ಣ ಇನ್ನೂ ಆಳುತ್ತಿದ್ದ ಕಾಲ. ಕಾರ್ತಿಕ ಹುಣ್ಣಿಮೆಯಂದು ದೇವರನ್ನು ಪ್ರತಿಷ್ಠಾಪಿಸಿ, ಊರೊಂದನ್ನು ದತ್ತಿ ಬಿಟ್ಟು, ಇದರ ಪುಣ್ಯವೆಲ್ಲ ಅಣ್ಣನಿಗೇ ಸೇರಲಿ ಎಂದು ಮಂಗಳೇಶ ಬರೆಸಿದ್ದಾನೆ. ಬಾದಾಮಿಗೆ ಹೋದವರು ಶೇಷನ ಮೇಲೆ ಕೂತ ವಿಷ್ಣುವಿನ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ನೀವು ಹೋದಾಗ ಆ ಶಾಸನವನ್ನೂ ಹುಡುಕಿ ನೋಡಿ.